ದಿನಕ್ಕೆ ಅರ್ಧ ಗಂಟೆ, ಅತ್ತೆಯವರ ಅನುಮತಿ ಮೇರೆಗೆ

ಮಾರ್ಚ್ 3, ಸೋಮವಾರ

ಹೆಂಡತಿ ಬೆಳಗಿನ ಆರೂವರೆ ರೈಲಿಗೆ ಹೊರಟುಹೋದಳು. ಇನ್ನು ಆರು ವಾರ ಬರುವುದಿಲ್ಲ. ಎಲ್ಲೋ ಕಟ್ಟುತ್ತಿರುವ ಸೇತುವೆಯ ಕಂಬವೊಂದು ಅರ್ಧ ಅಂಗುಲ ವಾಲಿದೆಯಂತೆ, ಅದನ್ನು ನೆಟ್ಟಗೆ ಮಾಡುವವರೆಗೆ ಇಂಜಿನಿಯರಮ್ಮ ಅಲ್ಲೇ ಇರಬೇಕಂತೆ. ಇಲ್ಲಿ ಅವಳ ತಾಯಿಯನ್ನು ನೆಟ್ಟಗೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ನಿವೃತ್ತನಾಗಿ ಇನ್ನೂ ನಾಲ್ಕು ತಿಂಗಳು ತುಂಬಿಲ್ಲ.

ಮಹಾರಾಣಿಯವರು ಜನವರಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. (ಅತ್ತೆಯವರನ್ನು ಈ ಪುಸ್ತಕದಲ್ಲಿ ಹೀಗೇ ಕರೆಯುವುದು. ಇದನ್ನು ಓದುವವರು ಯಾರೂ ಇಲ್ಲ.) ಆಪರೇಷನ್ ಆಯಿತು, ಮೂಳೆಯೂ ಕೂಡಿತು. "ಇನ್ನು ನಡೆಯೋದು ಬಿಡೋದು ಅವರ ಮನಸ್ಸು" ಎಂದರು ಡಾಕ್ಟರು. ಅವರ ಮನಸ್ಸು ಎಂಥದ್ದೆಂದು ಡಾಕ್ಟರಿಗೆ ಗೊತ್ತಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವರು, ಸೀಟಿ ಊದಿ ಊರನ್ನೇ ಸಾಲಿನಲ್ಲಿ ನಿಲ್ಲಿಸಿದವರು. ಇನ್ನೊಬ್ಬರು ಹೇಳಿದರೆಂದು ಒಂದು ಬೆರಳನ್ನೂ ಅಲ್ಲಾಡಿಸುವ ಪೈಕಿಯಲ್ಲ.

ಹೊರಡುವ ಮೊದಲು ತಾಯಿ ಮಗಳು ಒಂದು ತೀರ್ಮಾನಕ್ಕೆ ಬಂದರು. ಆರು ವಾರದಲ್ಲಿ ಮಹಾರಾಣಿಯವರು ತಾವಾಗಿ ಎದ್ದು ನಡೆದರೆ ನಮ್ಮ ಜೊತೆಗೇ ಇರುತ್ತಾರೆ. ಇಲ್ಲದಿದ್ದರೆ ವೃದ್ಧರ ಆರೈಕೆ ಕೇಂದ್ರ. "ನಡೆಯಕ್ಕಾಗ್ದೇ ಇದ್ರೆ ನಾನೇ ಹೋಗ್ತೀನಿ, ಯಾರಿಗೂ ಭಾರ ಆಗಲ್ಲ" ಎಂದು ಅವರೇ ಹೇಳಿದ್ದು. 

ಅವರು ಮಲಗಿರುವುದು ನನ್ನ ಓದುವ ಕೋಣೆಯಲ್ಲಿ. ನನ್ನ ಮೇಜು ಈಗ ಬಾಗಿಲ ಬಳಿ ಚಪ್ಪಲಿ ಗೂಡಿನ ಪಕ್ಕ ಕೂತಿದೆ. ಇದನ್ನು ಬರೆಯುವಾಗಲೂ ಮೂಗಿಗೆ ಹಳೇ ಬೂಟಿನ ವಾಸನೆ. ಮಧ್ಯಾಹ್ನ ಅವರು ನಿದ್ದೆ ಹೋದ ಮೇಲೆ ಟೇಪು ಹಿಡಿದು ಕೋಣೆಯನ್ನು ಒಮ್ಮೆ ಅಳೆದು ಬಂದೆ. ಕಿಟಕಿಯ ಕಡೆ ಮೇಜು, ಎಡಕ್ಕೆ ಬೀರು. ಸರಿಯಾಗಿ ಹಿಡಿಸುತ್ತದೆ.

ಮಾರ್ಚ್ 4, ಮಂಗಳವಾರ

ವ್ಯಾಯಾಮ ಮಾಡಿಸುವ ಫಿಸಿಯೋ ಬಂದಿದ್ದಳು. ಇನ್ನು ಪ್ರತಿ ಮಂಗಳವಾರ ಬರುತ್ತಾಳೆ. "ಅಜ್ಜಿ, ಎಲ್ಲಿ, ಕಾಲೆತ್ತಿ ನೋಡೋಣ. ಒಂದು, ಎರಡು..."

"ಒಂದು ಎರಡು ನಾನು ನಿಮ್ಮಮ್ಮನ ವಯಸ್ಸಿನವರಿಗೆ ಹೇಳಿಕೊಟ್ಟಿದ್ದೀನಿ" ಎಂದು ಮಹಾರಾಣಿಯವರು ಗೋಡೆಯ ಕಡೆ ತಿರುಗಿದರು. ಮುಗಿಯಿತು. ಫಿಸಿಯೋ ತನ್ನ ಫಾರಂನಲ್ಲಿ 'ಸಹಕರಿಸಲಿಲ್ಲ' ಎಂದು ಬರೆದಳು, ನಾನು ಕೆಳಗೆ ಸಹಿ ಹಾಕಿದೆ. ಬಹಳ ದಿನಗಳ ನಂತರ ಒಂದು ಫಾರಂಗೆ ಸಹಿ ಹಾಕಿ ಸುಖವೆನಿಸಿತು.

ಹೋಗುವಾಗ ಅವಳೊಂದು ಉಪಾಯ ಹೇಳಿದಳು. ಟಿವಿಗೆ ಹಾಕುವ ಗೇಮ್ ಯಂತ್ರವೊಂದನ್ನು ನನ್ನ ಹೆಂಡತಿ ತಂದಿಟ್ಟಿದ್ದಾಳಂತೆ. ಅದರಲ್ಲಿ ನಿಂತುಕೊಂಡು ಆಡುವ ಆಟಗಳಿವೆಯಂತೆ. "ಅಜ್ಜಿಗೆ ಆಟ ಅಂದ್ರೆ ಎದ್ದು ನಿಲ್ಲಬಹುದು, ಸರ್."

ಪ್ರಯತ್ನ ಮಾಡಲಿಲ್ಲ ಎಂಬ ಮಾತು ನನ್ನ ಮೇಲೆ ಬರಬಾರದು. ಮಾಡೋಣ.

ಮಾರ್ಚ್ 6, ಗುರುವಾರ

ಇವತ್ತು ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ದಾಖಲೆ ದಾಖಲೆಯೇ.

ಯಂತ್ರದಲ್ಲಿ ಆಟ ಬೇಕೆಂದರೆ ಆನ್‌ಲೈನ್ ಖಾತೆ ಬೇಕು. ಖಾತೆಗೆ ಇಮೇಲ್ ಬೇಕು. ಇಮೇಲಿಗೆ ಆರಂಕಿಯ ಸಂಖ್ಯೆ ಬರುತ್ತದೆ, ಹತ್ತು ನಿಮಿಷದಲ್ಲಿ ಅದು ಸತ್ತುಹೋಗುತ್ತದೆ. ಪಾಸ್‌ವರ್ಡನ್ನು ಕಂಟ್ರೋಲರ್‌ನ ಬಾಣದ ಗುಂಡಿಯಿಂದ ಒಂದೊಂದೇ ಅಕ್ಷರವಾಗಿ ಹೆಕ್ಕಬೇಕು, ಬೆರಳು ತುಸು ಜಾಸ್ತಿ ಒತ್ತಿದರೆ ಬಾಣ ಮುಂದಿನ ಅಕ್ಷರಕ್ಕೆ ಓಡಿಹೋಗುತ್ತದೆ. ಮೂರು ಸಂಖ್ಯೆಗಳು ನನ್ನ ಕಣ್ಣೆದುರೇ ಸತ್ತವು. ಆಮೇಲೆ 'ದೋಣಿ ಇರುವ ಚಿತ್ರಗಳನ್ನೆಲ್ಲ ಒತ್ತಿ, ನೀವು ಯಂತ್ರವಲ್ಲವೆಂದು ಸಾಬೀತುಪಡಿಸಿ' ಎಂದಿತು. ಮೂವತ್ತಾರು ವರ್ಷ ಸರ್ಕಾರಿ ಕೌಂಟರಿನಲ್ಲಿ ಕೂತವನಿಗೆ ಇದು ಸುಲಭವಲ್ಲ. ಎರಡು ಸಲ ಫೇಲಾದೆ. ಷರತ್ತುಗಳು ನಲವತ್ತೊಂದು ಪುಟ ಇದ್ದವು. ಪೂರ್ತಿ ಓದಿದೆ. ಇಡೀ ಜಗತ್ತಿನಲ್ಲಿ ಅದನ್ನು ಪೂರ್ತಿ ಓದಿದವನು ನಾನೊಬ್ಬನೇ ಇರಬೇಕು.

ಮೊದಲು ಮಹಾರಾಣಿಯವರ ಖಾತೆ. ಗುರುತಿನ ಚೀಟಿ ಪಕ್ಕದಲ್ಲಿಟ್ಟುಕೊಂಡು ತಪ್ಪಿಲ್ಲದೆ ತುಂಬಿದೆ. ಎರಡನೆಯದು ನನ್ನದು. ಅಷ್ಟರಲ್ಲಿ ಎರಡು ಗಂಟೆ ಕಳೆದಿತ್ತು, ತಲೆ ಚಿಟ್ಟು ಹಿಡಿದಿತ್ತು. 'ದಿನಾಂಕ' ಎಂಬ ಖಾನೆ ಬಂತು. ಜನನ ಮರಣ ನೋಂದಣಿ ಕಚೇರಿಯಲ್ಲಿ ನನ್ನ ಕೈ ದಿನಕ್ಕೆ ನೂರು ಸಲ ಆ ಖಾನೆಯಲ್ಲಿ ಅವತ್ತಿನ ತಾರೀಖು ಹಾಕುತ್ತಿತ್ತು. ಇವತ್ತೂ ಹಾಕಿತು. ಇವತ್ತಿನ ತಾರೀಖು, ಇವತ್ತಿನ ತಿಂಗಳು, ಇದೇ ಇಸವಿ. ಸರಿ ಎಂದು ಒತ್ತಿದೆ.

ಅದು ಹುಟ್ಟಿದ ದಿನಾಂಕದ ಖಾನೆಯಾಗಿತ್ತು.

ತೆರೆಯ ತುಂಬ ಬಲೂನು ಹಾರಿದವು. 'ಹುಟ್ಟುಹಬ್ಬದ ಶುಭಾಶಯಗಳು! ನಿಮ್ಮ ವಯಸ್ಸು: ಸೊನ್ನೆ. ಇದು ಮಕ್ಕಳ ಖಾತೆ. ಈ ಮನೆಯಲ್ಲಿ ನಿಮ್ಮ ಪೋಷಕರು' ಎಂದು, ಕೆಳಗೆ ಮಹಾರಾಣಿಯವರ ಹೆಸರು.

ಅವರ ಮಂಚದಿಂದ ಬಾಗಿಲ ಮೂಲಕ ಟಿವಿ ಕಾಣುತ್ತದೆ. ಜನವರಿಯಿಂದ ಮೊದಲ ಸಲ ಅವರು ನಕ್ಕರು. ನಕ್ಕದ್ದೆಂದರೆ ಕೆಮ್ಮು ಬರುವವರೆಗೆ ನಕ್ಕರು.

ಮಾರ್ಚ್ 7, ಶುಕ್ರವಾರ

ಕಂಪನಿಯ ಸಹಾಯವಾಣಿಗೆ ಬರೆದೆ. 'ಹುಟ್ಟಿದ ದಿನಾಂಕ ಒಮ್ಮೆ ದಾಖಲಾದರೆ ಖಾತೆದಾರರು ಬದಲಾಯಿಸುವಂತಿಲ್ಲ. ತಿದ್ದುಪಡಿಗೆ ಪೋಷಕರೇ ಅರ್ಜಿ ಸಲ್ಲಿಸಬೇಕು.' ನನಗೆ ಅರವತ್ತು ವರ್ಷ ಎಂದು ಬರೆದೆ. 'ಪುಟ್ಟ ಗೆಳೆಯರೇ, ದಯವಿಟ್ಟು ಮನೆಯ ದೊಡ್ಡವರನ್ನು ಕರೆಯಿರಿ' ಎಂದು ಉತ್ತರ ಬಂತು.

ದೊಡ್ಡವರನ್ನು ಕೇಳಿದೆ.

"ದಾಖಲೆ ತಂದಿದ್ದೀರಾ?" ಎಂದರು ಮಹಾರಾಣಿಯವರು.

"ಅತ್ತೇ, ನನ್ನ ವಯಸ್ಸು ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತಿರೋದು ಬೇರೆ, ದಾಖಲೆ ಬೇರೆ. ಪರಿಶೀಲನೆ ಮಾಡ್ಬೇಕು. ನಾಳೆ ಬನ್ನಿ."

ಇವು ನನ್ನದೇ ಮಾತುಗಳು. ಕೌಂಟರಿನಲ್ಲಿ ಜನರಿಗೆ ಹೇಳಿದ್ದನ್ನು ಊಟದ ಮೇಜಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಮಹಾರಾಣಿಯವರು ಕೇಳಿಸಿಕೊಳ್ಳುತ್ತಿರಲಿಲ್ಲ ಅಂದುಕೊಂಡಿದ್ದೆ.

ಮಾರ್ಚ್ 8, ಶನಿವಾರ

'ನಾಳೆ ಬನ್ನಿ.'

ಮಾರ್ಚ್ 11, ಮಂಗಳವಾರ

ಫಿಸಿಯೋ ಬಂದಳು. 'ಸಹಕರಿಸಲಿಲ್ಲ.' ಸಹಿ ಹಾಕಿದೆ.

ನಿಂತು ಆಡುವ ಆಟಗಳನ್ನೆಲ್ಲ ಮಹಾರಾಣಿಯವರಿಗೆ ತೋರಿಸಿದೆ. "ಚೆಂಡಿಲ್ದೇ ಕೈ ಬೀಸೋದು ಆಟ ಅಲ್ಲ, ಹುಚ್ಚು" ಎಂದು ತಳ್ಳಿಹಾಕಿದರು. ಆದರೆ ಪೋಷಕರ ಅಧಿಕಾರದಲ್ಲಿ ಮಾತ್ರ ಅವರಿಗೆ ಬಹಳ ಆಸಕ್ತಿ. ಕಂಟ್ರೋಲರನ್ನು ಮಂಚಕ್ಕೇ ತರಿಸಿಕೊಂಡು ಗುಟ್ಟಿನ ನಾಲ್ಕಂಕಿ ಹಾಕಿ, ನನಗೆ ದಿನಕ್ಕೆ ಅರ್ಧ ಗಂಟೆ ಮಂಜೂರು ಮಾಡಿದರು. ಸಮಯ ಮುಗಿದಾಗ ಯಂತ್ರ ತಾನಾಗಿ ನಿಲ್ಲಬೇಕೋ, ಬರೀ ಗಂಟೆ ಬಾರಿಸಬೇಕೋ ಎಂದು ಅದು ಕೇಳಿತು. "ಗಂಟೆ ಬಾರಿಸಿದ್ರೆ ಸಾಕು. ನಿಲ್ಲಿಸೋ ಬುದ್ಧಿ ಆಡೋನಿಗಿರ್ಬೇಕು" ಎಂದರು.

ಮಕ್ಕಳ ಖಾತೆಗೆ ಸಿಗುವುದು ಒಂದೇ ಪುಕ್ಕಟೆ ಆಟ. ಕುತ್ತಿಗೆಗೆ ಟಪಾಲಿನ ಚೀಲ ಹಾಕಿಕೊಂಡ ಮೇಕೆಯೊಂದು ಛಾವಣಿಯಿಂದ ಛಾವಣಿಗೆ ಹಾರಿ ಮನೆಮನೆಗೆ ಕಾಗದ ಹಂಚುತ್ತದೆ. ಬಾಲಿಶ. ಐದು ನಿಮಿಷ ನೋಡಿ ಮುಚ್ಚಿಡೋಣವೆಂದು ಕೂತೆ. ಗಂಟೆ ಬಾರಿಸಿದಾಗ ಅರ್ಧ ಗಂಟೆ ಆಗಿಹೋಗಿತ್ತು, ಮೇಕೆ ಬೇಕರಿಯ ಚಿಮಣಿಯ ಮೇಲಿತ್ತು.

ಮಾರ್ಚ್ 13, ಗುರುವಾರ

ಗಂಟೆ ಬಾರಿಸಿತು. ಒಳಗಿನಿಂದ "ಸಮಯ ಆಯ್ತು!" ಎಂದು ಕೂಗಿದರು. ನಾನು ಕಿವುಡನಾದೆ. ಕೂಗು ಜೋರಾಯಿತು. ನನ್ನ ಕಿವುಡೂ ಜೋರಾಯಿತು. ಹನ್ನೆರಡು ಕಾಗದ ಹಂಚಿದೆ.

ಮಾರ್ಚ್ 15, ಶನಿವಾರ

ಇದು ದೌರ್ಜನ್ಯ. ಬೇರೆ ಪದವಿಲ್ಲ.

ಗಂಟೆ ಬಾರಿಸಿ ಇನ್ನೂ ಐದು ನಿಮಿಷವಾಗಿರಲಿಲ್ಲ. ಮೇಕೆ ಗಿರಣಿಯ ಛಾವಣಿಯನ್ನು ದಾಟುವ ಹಂತದಲ್ಲಿತ್ತು. ಮೂರು ದಿನದಿಂದ ಅದೇ ಛಾವಣಿಯಲ್ಲಿ ಬೀಳುತ್ತಿದ್ದೇನೆ. ಇನ್ನೇನು ಹಾರಬೇಕು, ಪಕ್ಕದಲ್ಲಿ ಟಕ್ ಟಕ್ ಸದ್ದು. ನೋಡುವಷ್ಟರಲ್ಲಿ ಮಹಾರಾಣಿಯವರು ಆಸ್ಪತ್ರೆಯವರು ಕೊಟ್ಟಿದ್ದ ವಾಕರ್ ಊರಿಕೊಂಡು ಬಂದು ಗೋಡೆಯ ಸ್ವಿಚ್ಚನ್ನೇ ಆರಿಸಿದರು. ಎಚ್ಚರಿಕೆಯಿಲ್ಲ, ನೋಟಿಸಿಲ್ಲ. "ನನ್ನ ಮೈದಾನದಲ್ಲಿ ಬೆಲ್ ಆದ್ಮೇಲೆ ಯಾರೂ ಆಡಿಲ್ಲ" ಎಂದು ಹೇಳಿ ಬಂದ ಹಾಗೇ ಹೋದರು. ಮೇಕೆ ಎಲ್ಲಿತ್ತೋ ಏನೋ. 

ಮಾರ್ಚ್ 18, ಮಂಗಳವಾರ

'ಸಹಕರಿಸಲಿಲ್ಲ.' ಸಹಿ.

ಹೆಂಡತಿ ಫೋನ್ ಮಾಡಿದ್ದಳು. "ಅಮ್ಮ ಎಕ್ಸರ್‌ಸೈಜ್ ಮಾಡ್ತಿದ್ದಾರಾ?"

"ಒಂದು ದಿನವೂ ಇಲ್ಲ" ಎಂದೆ. ಕೇಳಿದ್ದಕ್ಕೆ ಮಾತ್ರ ಉತ್ತರ, ಇದು ಕಚೇರಿಯಲ್ಲಿ ಕಲಿತ ಮೊದಲ ಪಾಠ. ಅವಳು ಫೋನ್ ಇಟ್ಟಳು.

ಸಂಜೆ ಗಂಟೆ ಬಾರಿಸಿದ ಎರಡೇ ನಿಮಿಷಕ್ಕೆ ಸ್ವಿಚ್ ಆರಿತು. ದಿನದಿಂದ ದಿನಕ್ಕೆ ಇವರ ದಾಳಿ ಚುರುಕಾಗುತ್ತಿದೆ. ಮೊದಲೆಲ್ಲ ನನಗೆ ಐದು ನಿಮಿಷ ಸಿಗುತ್ತಿತ್ತು.

ಮಾರ್ಚ್ 24, ಸೋಮವಾರ

ಮಹಾರಾಣಿಯವರು ಈಗ ಗಂಟೆಗೂ ಕಾಯುವುದಿಲ್ಲ. ನಾನು ಆಟ ಶುರು ಮಾಡಿದ ಕೂಡಲೇ ಬಂದು ಸೋಫಾದ ಹಿಂದೆ ನಿಲ್ಲುತ್ತಾರೆ. ಕೂತುಕೊಳ್ಳಿ ಅಂದರೆ ಕೂರುವುದಿಲ್ಲ. ಅರ್ಧ ಗಂಟೆ ಪೂರ್ತಿ ತಲೆಯ ಮೇಲೆ ನಿಂತು ತಪ್ಪು ಹಿಡಿಯುತ್ತಾರೆ.

"ಹಾರೋ ಮೊದಲು ಉಸಿರು ಯಾಕೆ ಕಟ್ತೀರಾ? ಉಸಿರು ಬಿಡಿ. ಮೇಕೆ ನೋಡ್ಬೇಡಿ, ಇಳಿಯೋ ಜಾಗ ನೋಡಿ."

ಇಳಿಯುವ ಜಾಗ ನೋಡಿದೆ. ಮೇಕೆ ಗಿರಣಿ ದಾಟಿತು. ಇದು ಕಾಕತಾಳೀಯ ಎಂದು ದಾಖಲಿಸುತ್ತೇನೆ.

"ನೋಡು, ಬಂತಲ್ಲ!" ಎಂದು ಅತ್ತೆ ನನ್ನ ಭುಜಕ್ಕೆ ಒಂದು ಏಟು ಕೊಟ್ಟರು. ಎಂಬತ್ತೊಂದು ವರ್ಷದ ಕೈಯಲ್ಲಿ ಅಷ್ಟು ಜೋರು ಹೇಗೆ ಬಂತೋ.

ಮಾರ್ಚ್ 28, ಶುಕ್ರವಾರ

ಅಂಚೆ ಮೇಕೆ ಈಗ ಎರಡನೇ ಊರಿನಲ್ಲಿದೆ. ಅತ್ತೆ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಎಲ್ಲ ಛಾವಣಿಗಳ ನಕ್ಷೆ ಬರೆದಿದ್ದಾರೆ. ಬೆಳಿಗ್ಗೆ ಟೀ ಕುಡಿಯುವಾಗ ಅದೇ ಚರ್ಚೆ. "ನೀನು ಎಡಗಡೆಯಿಂದ ಹೋಗ್ಬೇಕಿತ್ತು" ಎನ್ನುತ್ತಾರೆ, ನಾನು ಬಲಗಡೆ ಎನ್ನುತ್ತೇನೆ. ಬಿಸ್ಕತ್ತು ಮುಗಿದರೂ ವಾದ ಮುಗಿಯಲಿಲ್ಲ.

ತಿದ್ದುಪಡಿ ಅರ್ಜಿಯ ಬಗ್ಗೆ ಕೇಳುವುದು ಈ ವಾರ ಮರೆತೇಹೋಯಿತು.

ಏಪ್ರಿಲ್ 1, ಮಂಗಳವಾರ

'ಸಹಕರಿಸಲಿಲ್ಲ.' ಸಹಿ. ಪೂರ್ತಿ ಮುಖ ಗೋಡೆಗೆ. ಫಿಸಿಯೋ ಪಾಪ, ಅಳುವ ಹಾಗಾಗಿದ್ದಳು.

ಅತ್ತೆ ನಿನ್ನೆ ಸಂಜೆ ವಾಕರನ್ನು ಹಾಲ್‌ನಲ್ಲೇ ಬಿಟ್ಟು ಮಲಗಲು ಹೋಗಿದ್ದರು. ಬೆಳಿಗ್ಗೆ ನೋಡದೆ ಎಡವಿದೆ, ಕಾಲಿನ ಹೆಬ್ಬೆರಳು ಊದಿದೆ. ಅವರವರ ಸಾಮಾನು ಅವರವರ ಜಾಗದಲ್ಲಿಡುವ ಶಿಸ್ತು ಇರಬೇಕು. ಆಟದ ಟೀಚರಂತೆ!

ಏಪ್ರಿಲ್ 9, ಬುಧವಾರ

ಹೆಂಡತಿಯ ಫೋನ್. ಫಿಸಿಯೋ ಅವಳಿಗೆ ಎಲ್ಲ ಫಾರಂಗಳನ್ನೂ ಕಳಿಸಿದ್ದಾಳೆ. ಸಾಲಾಗಿ 'ಸಹಕರಿಸಲಿಲ್ಲ', ಕೆಳಗೆಲ್ಲ ನನ್ನ ಸಹಿ. ಅವಳು ಅಳುತ್ತಿದ್ದಳು. ಆರೈಕೆ ಕೇಂದ್ರಕ್ಕೆ ಹೇಳಿಯಾಗಿದೆಯಂತೆ. ಸೋಮವಾರ ಅಲ್ಲಿಯ ಮೇಲ್ವಿಚಾರಕರು ಬಂದು ನೋಡುತ್ತಾರಂತೆ. ನಡೆಯಲಾರರು ಎಂದು ಅವರು ಬರೆದರೆ ಮಾರನೇ ದಿನವೇ ಗಾಡಿ.

"ಸರಿ" ಎಂದೆ.

ನನ್ನ ಕೋಣೆ ನನಗೆ ಸಿಗುತ್ತದೆ. ಒಳ್ಳೆಯದೇ ಆಯಿತು.

ಏಪ್ರಿಲ್ 10, ಗುರುವಾರ

ಆಡಲಿಲ್ಲ. ಮನಸ್ಸಿರಲಿಲ್ಲ.

ಏಪ್ರಿಲ್ 12, ಶನಿವಾರ

ಅತ್ತೆಗೂ ಮಗಳು ಫೋನಿನಲ್ಲಿ ಹೇಳಿದ್ದಾಳೆ. ಇವತ್ತು ಟೀ ತೆಗೆದುಕೊಂಡು ಹೋದಾಗ ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಮೇಜು ಕಿಟಕಿ ಕಡೆಗೇ ಹಾಕ್ಕೊಳ್ಳಿ. ಬೆಳಕು ಚೆನ್ನಾಗಿದೆ. ಅವತ್ತು ಅಳೀತಿದ್ರಲ್ಲ, ನಾನು ಎಚ್ಚರವಾಗೇ ಇದ್ದೆ."

ಟೀ ಲೋಟ ಕೈಯಲ್ಲೇ ಉಳಿಯಿತು. ಅಳೆದದ್ದು ಅವರಿಗೆ ಗೊತ್ತಾಯಿತಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನೋಯಿಸಿದ್ದು ಅವರು ಮತ್ತೆ 'ಹಾಕ್ಕೊಳ್ಳಿ' ಎಂದದ್ದು. ಸುಮಾರು ಮೂರು ವಾರದಿಂದ ನನ್ನನ್ನು 'ನೀನು' ಅನ್ನುತ್ತಿದ್ದರು. ಯಾವಾಗ ಶುರುವಾಯಿತೆಂದು ನಾನು ಗಮನಿಸಿಯೇ ಇರಲಿಲ್ಲ.

ಹೋಗಬೇಡಿ ಅನ್ನಬೇಕಿತ್ತು. ಇಷ್ಟು ಸಣ್ಣ ಮಾತು. ಇಲ್ಲಿ ಬರೆಯುವುದು ಎಷ್ಟು ಸುಲಭ.

ಏಪ್ರಿಲ್ 14, ಸೋಮವಾರ

ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಕೈಗೆ ಏನಾದರೂ ಕೆಲಸ ಬೇಕೆಂದು ಟಿವಿ ಹಾಕಿದೆ. ಅರ್ಧ ಗಂಟೆಯಲ್ಲಿ ಒಂದೂ ಕಾಗದ ಹಂಚಲಾಗಲಿಲ್ಲ. ಸೋಫಾದ ಹಿಂದೆ ಯಾರೂ ನಿಂತಿರಲಿಲ್ಲ. ಗಂಟೆ ಬಾರಿಸಿದ ಕೂಡಲೇ ನಾನೇ ಆರಿಸಿದೆ.

ಹನ್ನೊಂದಕ್ಕೆ ಮೇಲ್ವಿಚಾರಕರು ಬಂದರು. ಮೆತ್ತಗಿನ ಮನುಷ್ಯ, ಕೈಯಲ್ಲಿ ಹಳದಿ ಫೈಲು. ಅತ್ತೆ ಒಳ್ಳೇ ಸೀರೆ ಉಟ್ಟು, ತಲೆ ಬಾಚಿಕೊಂಡು, ಮಂಚದ ಅಂಚಿನಲ್ಲಿ ಗಂಟುಮುಖ ಹಾಕಿ ಕೂತಿದ್ದರು.

"ಅಮ್ಮಾ, ಹಾಲ್‌ವರೆಗೆ ಒಂದ್ಸಲ ನಡೆದು ಬರ್ತೀರಾ?"

"ನಾನೇನು ಸರ್ಕಸ್ಸಿನವಳಾ?"

"ನಾಲ್ಕು ಹೆಜ್ಜೆ ಇಟ್ರೂ ಸಾಕಮ್ಮ."

ಅತ್ತೆ ಕಿಟಕಿಯ ಕಡೆ ತಿರುಗಿದರು. ಮೇಲ್ವಿಚಾರಕರು ಫಾರಂ ಬಿಡಿಸಿಕೊಂಡು ನನ್ನನ್ನು ಕೇಳಿದರು: "ಕೊನೇ ಸಲ ಇವರು ತಾವಾಗಿ ನಡೆದಿದ್ದು ಯಾವಾಗ, ಸರ್?"

ಜನವರಿ ಎಂದು ಹೇಳಲು ಬಾಯಿ ತೆರೆದೆ. ಹಾಗಾದರೆ ಮೊನ್ನೆಮೊನ್ನೆಯವರೆಗೂ ನನ್ನ ಟಿವಿಯನ್ನು ಆರಿಸುತ್ತಿದ್ದವರು ಯಾರು? ದಿನಾ ಅರ್ಧ ಗಂಟೆ ನನ್ನ ತಲೆಯ ಮೇಲೆ ನಿಂತವರು ಯಾರು? ತಿಂಗಳಿನಿಂದ ದಿನಾ ಇಲ್ಲಿ ಬರೆದಿಟ್ಟಿದ್ದೇನೆ. ಬರೆದವನಿಗೇ ಕಂಡಿರಲಿಲ್ಲ.

"ನಡೀತಾರೆ!" ಎಂದೆ. "ದಿನಾ ನಡೀತಾರೆ. ವಾಕರ್ ಕೂಡ ಬೇಡ ಅವರಿಗೆ."

ಅವರು ತಮ್ಮ ಹಳದಿ ಫೈಲಿನಲ್ಲಿದ್ದ ಫಿಸಿಯೋ ಫಾರಂಗಳನ್ನು ನೋಡಿದರು. ಎಲ್ಲದರ ಕೆಳಗೂ ನನ್ನದೇ ಸಹಿ. "ಸರ್, ನಾನು ಕಣ್ಣಾರೆ ನೋಡಿದ್ದನ್ನ ಮಾತ್ರ ಬರೀಬೇಕು. ನಿಮಗೆ ಅರ್ಥ ಆಗುತ್ತೆ ಅನ್ಕೋತೀನಿ." ಅರ್ಥವಾಯಿತು. ಮೂವತ್ತಾರು ವರ್ಷ ನಾನು ಬರೆದದ್ದೂ ಹಾಗೇ. ಅವರು ಪೆನ್ನಿನ ಮುಚ್ಚಳ ತೆಗೆದು ಮೊದಲ ಅಕ್ಷರ ಬರೆದರು.

ನಾನು ಎದ್ದು ಹಾಲ್‌ಗೆ ಹೋದೆ. ಟಿವಿ ಹಾಕಿದೆ, ಮೇಕೆಯನ್ನು ಎಬ್ಬಿಸಿದೆ. ಇವತ್ತಿನ ಅರ್ಧ ಗಂಟೆ ಬೆಳಿಗ್ಗೆಯೇ ಮುಗಿದಿದ್ದರಿಂದ ಗಂಟೆ ತಕ್ಷಣ ಬಾರಿಸಲು ಶುರು ಮಾಡಿತು. ನಾನು ನಿಲ್ಲಿಸಲಿಲ್ಲ. ದನಿಯನ್ನು ಪೂರ್ತಿ ಏರಿಸಿದೆ. ಮೇಲ್ವಿಚಾರಕರು ಬಾಗಿಲಿಗೆ ಬಂದು ಈತನಿಗೇನಾಯಿತು ಎಂಬಂತೆ ನೋಡಿದರು. ಮೇಕೆಯನ್ನು ಬೇಕೆಂದೇ ಬಲಗಡೆಯಿಂದ ಓಡಿಸಿದೆ. ಬಿತ್ತು. ಮತ್ತೆ ಬಲಗಡೆಯಿಂದ ಓಡಿಸಿದೆ. ಮತ್ತೆ ಬಿತ್ತು. ಗಂಟೆ ಬಾರಿಸುತ್ತಲೇ ಇತ್ತು. ಎದ್ದು ಬನ್ನಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಕಣ್ಣು ತುಂಬಿ ಬಂದು ತೆರೆಯ ಮೇಲೆ ಏನೂ ಕಾಣದಾಯಿತು.

ಮಂಚ ಕಿರುಗುಟ್ಟಿತು.

ಆಮೇಲೆ ಹೆಜ್ಜೆಯ ಸದ್ದು. ಟಕ್ ಟಕ್ ಇಲ್ಲ, ಬರೀ ಪಾದ. ಮೇಲ್ವಿಚಾರಕರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಹಾಲ್ ದಾಟಿ ಬಂದು ಅತ್ತೆ ನನ್ನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡರು.

"ಬೆಲ್ ಆಗಿದ್ದು ಕೇಳಿಸ್ಲಿಲ್ವಾ ನಿನಗೆ? ಎಡಗಡೆ ಅಂತ ಎಷ್ಟು ಸಲ ಹೇಳಿದ್ದೀನಿ? ನಾಳೆ ಆಟ ಇಲ್ಲ, ನಾಡಿದ್ದೂ ಇಲ್ಲ!"

"ಸರಿ" ಎಂದೆ. ಇಷ್ಟು ಸಂತೋಷದಿಂದ ಆ ಪದವನ್ನು ನಾನು ಯಾವತ್ತೂ ಹೇಳಿರಲಿಲ್ಲ.

ಮೇಲ್ವಿಚಾರಕರು ಬರೆದದ್ದನ್ನು ಹೊಡೆದುಹಾಕಿದರು. "ಇಷ್ಟು ಚೆನ್ನಾಗಿ ನಡೀತೀರಲ್ಲಮ್ಮ! ಹಾಗಾದ್ರೆ ನಮ್ಮಲ್ಲಿಗೆ ಬರೋದಿಲ್ಲ ಅಂತ ಬರ್ಕೊಳ್ಳಲಾ?"

"ಹೇಗ್ರೀ ಬರ್ಲಿ ನಾನು?" ಎಂದರು ಅತ್ತೆ, ಕಂಟ್ರೋಲರನ್ನು ಸೆರಗಿನಲ್ಲಿ ಭದ್ರವಾಗಿ ಸುತ್ತಿಕೊಳ್ಳುತ್ತ. "ಮನೇಲಿ ಚಿಕ್ಕ ಮಗು ಇದೆ."

ಮೇಲ್ವಿಚಾರಕರು ಪೆನ್ನು ಹಿಡಿದುಕೊಂಡು ಮಗುವಿಗಾಗಿ ಹಾಲ್ ಪೂರ್ತಿ ಕಣ್ಣಾಡಿಸಿದರು. ಮಗು ಮುಖ ಒರೆಸಿಕೊಂಡು ಅವರಿಗೆ ಟೀ ಮಾಡಲು ಒಳಗೆ ಹೋಯಿತು.